ನನ್ನ ಷಡ್ಡಕನ ತಿಮಿಂಗಿಲ

ಅವನ ಮೇಲಿನ ಸಾಲಿನ ಎರಡು ಮುಂಬಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಇತ್ತು. ಮಾತಿನಲ್ಲಿ ‘ಸ’ ಬಂದಾಗಲೆಲ್ಲ ಆ ಸಂದಿನಿಂದ ಸಣ್ಣಗೆ ಸಿಳ್ಳೆ ಹೊರಡುತ್ತಿತ್ತು. ಸಂತಿ ಅಂದರೂ ಸಿಳ್ಳೆ, ಸಾರು ಅಂದರೂ ಸಿಳ್ಳೆ. ಬೇರೆಯವರಿಗೆ ಹೀಗಿದ್ದರೆ ನಾಚಿಕೊಂಡು ಬಾಯಿ ಮುಚ್ಚಿ ನಗುತ್ತಿದ್ದರೇನೋ. ಅವನು ಬಾಯಿ ತುಂಬ ನಗುತ್ತಿದ್ದ. ನಮ್ಮ ಮನೆಯ ಮಕ್ಕಳು “ಸಾಸಿವಿ ಅನ್ನು ಚಿಕ್ಕಪ್ಪಾ, ಸಾಸಿವಿ ಅನ್ನು” ಎಂದು ಅವನ ಕೊರಳಿಗೆ ಜೋತುಬೀಳುತ್ತಿದ್ದವು. ನನ್ನ ಹಲ್ಲುಗಳು ನೆಟ್ಟಗೆ, ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡು ಇವೆ. ಈ ವಯಸ್ಸಿನವರೆಗೆ ಅವುಗಳ ಬಗ್ಗೆ ಯಾರೂ ಒಂದು ಮಾತು ಆಡಿಲ್ಲ.

ಅವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ನನಗೆ ಕೊಟ್ಟೂರಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಅವನಿಗೆ ಕೂಡ್ಲಿಗಿಯಲ್ಲಿ ಬೋರ್‌ವೆಲ್ ಮೋಟರುಗಳ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ಹಳೆ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ ಕೊಡುವ ಕೆಲಸ. ಮೋಟರ್ ಸುಟ್ಟ ರೈತ ಅಳುಮೋರೆ ಮಾಡಿಕೊಂಡೇ ಅಂಗಡಿಗೆ ಬರುತ್ತಾನೆ. ಇವನು ಮೊದಲು ಅವನನ್ನು ಕೂಡಿಸಿ ಚಹಾ ತರಿಸಿ ನಗಿಸುತ್ತಿದ್ದ, ಆಮೇಲೆ ಮೋಟರಿಗೆ ಕೈ ಹಚ್ಚುತ್ತಿದ್ದ. ಹಾಗಾಗಿ ಕೆಲಸ ತಡವಾಗುತ್ತಿತ್ತು. ಆದರೂ ಜನ ಅವನಲ್ಲಿಗೇ ಹೋಗುತ್ತಿದ್ದರು. ನನ್ನ ಅಂಗಡಿಯಲ್ಲಿ ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ತಪ್ಪಿಲ್ಲ. ಜನ ಬರುತ್ತಾರೆ, ಕೊಳ್ಳುತ್ತಾರೆ, ಹೋಗುತ್ತಾರೆ. ಕೂಡುವುದಿಲ್ಲ.

ನಮ್ಮ ಅತ್ತೆಯ ಊರು ಮಾಗಳ, ಹಡಗಲಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಆ ಮನೆಗೆ ನಾನು ದೊಡ್ಡ ಅಳಿಯ, ಅವನು ಸಣ್ಣ ಅಳಿಯ. ನಾನು ಹೋದರೆ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು, “ಬರ್ರಿ, ಕುಂದರ್ರಿ, ಊರಾಗ ಎಲ್ಲಾರು ಆರಾಮ ಅದಾರೇನ್ರಿ” ಎಂದು ವಿಚಾರಿಸುತ್ತಿದ್ದರು. ಅವನು ಹೋದರೆ, “ಬಂದ್ಯಾ? ಮಾರಿ ಯಾಕೋ ಇಷ್ಟು ಸಣ್ಣಗಾಗೈತಿ? ಉಂಡೀಯೋ ಇಲ್ಲೋ?” ಅನ್ನುತ್ತಿದ್ದರು. ನನಗೆ ಪಡಸಾಲೆಯಲ್ಲಿ ಮಣೆ ಹಾಕಿ, ಅಡ್ಡಣಿಗೆಯ ಮೇಲೆ ತಾಟು ಇಟ್ಟು, ಹೋಳಿಗೆ, ಹಾಲು, ತುಪ್ಪ, ನಾಲ್ಕು ನಮೂನೆ ಪಲ್ಯ ಬಡಿಸುತ್ತಿದ್ದರು. ಅವನು ಒಳಗೆ ಒಲೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ಹಂಚಿನಿಂದ ಎತ್ತಿದ ರೊಟ್ಟಿಯನ್ನು ಅತ್ತೆಯ ಕೈಯಿಂದ ನೇರವಾಗಿ ಅಂಗೈಗೆ ಹಾಕಿಸಿಕೊಂಡು, ಊದಿ ಊದಿ ತಿನ್ನುತ್ತಿದ್ದ. ಒಳಗಿನಿಂದ ಅವರೆಲ್ಲರ ನಗು ಕೇಳಿಸುತ್ತಿತ್ತು. ನಾನು ಹೊರಗೆ ಒಬ್ಬನೇ ತುಂಬಿದ ತಾಟಿನ ಮುಂದೆ ಕೂತು ಹೋಳಿಗೆ ಮುರಿಯುತ್ತಿದ್ದೆ. ನಮ್ಮ ಕಡೆ ಅಳಿಯನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಇಲ್ಲ. ನನಗೆ ಬೇಕಾಗಿದ್ದುದು ಆ ರೊಟ್ಟಿ.

ಒಮ್ಮೆ ಹೆಂಡತಿಗೆ ಹೇಳಿದೆ, “ನಿಮ್ಮವ್ವ ಅವನ್ನ ಕಂಡ್ರ ಮಗ ಅಂತಾಳ, ನನ್ನ ಕಂಡ್ರ ತಹಶೀಲ್ದಾರ ಅನ್ನಂಗ ಮಾಡ್ತಾಳ.”

ಅವಳು, “ನೀವು ತಹಶೀಲ್ದಾರನಂಗ ಬರ್ತೀರಿ. ಒಂದೀಟು ನಗ್ರಿ, ಆಕೀನೂ ನಗ್ತಾಳ” ಎಂದಳು. ನಗುವುದು ಅಷ್ಟು ಸುಲಭವಾಗಿದ್ದರೆ ನಾನು ಯಾವತ್ತೋ ನಗುತ್ತಿದ್ದೆ.

ಮಾವ ತೀರಿಕೊಂಡ ಮರುವರ್ಷ ಅತ್ತೆಯನ್ನು ಎಲ್ಲಾದರೂ ಕರೆದುಕೊಂಡು ಹೋಗಬೇಕೆಂದು ಅಕ್ಕತಂಗಿಯರು ಮಾತಾಡಿಕೊಂಡರು. ಅತ್ತೆಗೆ ಮುರುಡೇಶ್ವರದ ಶಿವನನ್ನು ನೋಡುವ ಆಸೆ ಇತ್ತು. ನನಗೆ ಬೇರೊಂದು ಆಸೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಚಳಿಗಾಲದಲ್ಲಿ ಆ ಕಡೆಯ ಕಡಲಲ್ಲಿ ತಿಮಿಂಗಿಲ ಕಾಣಿಸಿಕೊಂಡಿತ್ತೆಂದು ಪೇಪರಿನಲ್ಲಿ ಓದಿದ್ದೆ. ದೋಣಿಯಲ್ಲಿ ಜನರನ್ನು ಕರೆದುಕೊಂಡು ಹೋಗಿ ಡಾಲ್ಫಿನ್ ತೋರಿಸುತ್ತಾರೆ, ಅದೃಷ್ಟ ಚೆನ್ನಾಗಿದ್ದರೆ ತಿಮಿಂಗಿಲವೂ ಕಾಣುತ್ತದೆ ಎಂದು ಬರೆದಿದ್ದರು. ದಿನವಿಡೀ ತಪ್ಪಲೆ, ತಂಬಿಗೆ, ಕೊಳಗಗಳ ನಡುವೆ ಕೂಡುವ ಮನುಷ್ಯನಿಗೆ ಒಮ್ಮೆಯಾದರೂ ಅಂಗಡಿಯಲ್ಲಿ ಹಿಡಿಸದಂಥದ್ದೇನನ್ನಾದರೂ ನೋಡಬೇಕೆನಿಸುತ್ತದೆ. ಕ್ರೂಸರ್ ಗಾಡಿ ಗೊತ್ತುಮಾಡಿದವನು ನಾನು. ಲಾಡ್ಜ್ ಬುಕ್ ಮಾಡಿದವನು ನಾನು. ದೋಣಿಯವರಿಗೆ ಫೋನ್ ಮಾಡಿ ಅಷ್ಟೂ ಜನರ ಹೆಸರು ಬರೆಸಿದವನೂ ನಾನೇ.

ಹರಿಹರ ದಾಟಿದ ಮೇಲೆ ಟೈರ್ ಪಂಕ್ಚರ್ ಆಯಿತು. ನಾನು ಡ್ರೈವರನ ಮೇಲೆ ಸಿಟ್ಟಾದೆ. ಷಡ್ಡಕ ಕೆಳಗಿಳಿದು, “ಆಗ್ಲಿ ಬಿಡ್ರಿ ಅಣ್ಣಾರ, ಇದೂ ಒಂದು ಮಜಾ” ಎಂದು, ಹುಣಸೆಮರದ ಕೆಳಗೆ ಚಾಪೆ ಹಾಸಿ, ಬುತ್ತಿ ಬಿಚ್ಚಿಸಿದ. “ಇದೂ ಒಂದು ಮಜಾ” ಎಂಬುದು ಅವನು ಯಾವಾಗಲೂ ಆಡುವ ಮಾತು. ಮೋಟರ್ ಸುಟ್ಟರೂ ಅದೇ, ಮಳೆ ತಪ್ಪಿದರೂ ಅದೇ. ಮುರುಡೇಶ್ವರ ಮುಟ್ಟಿದ ಮೇಲೆ ಯಾರೋ ಫೋನಿನಲ್ಲಿ “ಪ್ರವಾಸ ಹೆಂಗಾತು” ಎಂದು ಕೇಳಿದರೆ ನನ್ನ ಹೆಂಡತಿ, “ಏನ್ ಹೇಳ್ಲಿ, ಟೈರ್ ಹೋದದ್ದ ಚಲೋ ಆತು, ಗಿಡದ ಬುಡಕ ಕುಂತು ಎಷ್ಟು ನಕ್ವಿ ಅಂತೀ” ಅನ್ನುತ್ತಿದ್ದಳು. ಲಾಡ್ಜಿನ ಕಿಟಕಿಯಿಂದ ಕಡಲು ಕಾಣುತ್ತಿತ್ತು. ಆ ಕಿಟಕಿಗಾಗಿ ನಾನು ಫೋನಿನಲ್ಲಿ ಎಷ್ಟು ಗುದ್ದಾಡಿದ್ದೆ ಅಂತ ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ದರ್ಶನ ಮುಗಿಸಿ ದೋಣಿಯ ಹತ್ತಿರ ಹೋದೆವು. ಅತ್ತೆಗೆ ನೀರೆಂದರೆ ಭಯ. ಹೊಳೆದಂಡೆಯ ಊರಲ್ಲೇ ಹುಟ್ಟಿ, ಅದೇ ಊರಿನ ಮನೆಗೆ ಸೊಸೆಯಾಗಿ ನಡೆದವರು ಅವರು. ಹುಡುಗಿಯಿದ್ದಾಗ ಹರಿಗೋಲು ಮಗುಚಿ ತಮ್ಮ ಓರಗೆಯವಳೊಬ್ಬಳು ಮುಳುಗಿ ಹೋದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಆಮೇಲೆ ಮೊಳಕಾಲಿನ ಮೇಲಕ್ಕೆ ನೀರಿಗೆ ಇಳಿದವರಲ್ಲ. ನಾನು, “ನೀವು ದಂಡಿಮ್ಯಾಲೆ ಕುಂತಿರ್ರಿ ಅತ್ತಿ, ನಾವು ಹೋಗಿ ಲಗೂನ ಬರ್ತೀವಿ” ಎಂದೆ.

“ನೀವೆಲ್ಲಾರು ನೀರಾಗ ಹೋದ ಮ್ಯಾಲೆ ನಾ ಒಬ್ಬಾಕಿ ದಂಡಿಮ್ಯಾಲೆ ಕುಂತು ಏನ್ ಮಾಡ್ಲಿ?” ಎಂದು ಅವರೂ ಕಿತ್ತಳೆ ಬಣ್ಣದ ಜಾಕೀಟು ಹಾಕಿಸಿಕೊಂಡರು. ಷಡ್ಡಕ ಅದರ ಪಟ್ಟಿ ಬಿಗಿಯುತ್ತ, “ಈಗ ನೋಡ್ರಿ, ಪಟ್ಟಿ ಬಿತ್ತು, ಚೀಲ ಒಂದಿದ್ರ ಅತ್ತಿ ಕಂಡಕ್ಟರ್ ಆದ್ಲು” ಎಂದ. ಅತ್ತೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನನಗೆ ಅವರು ಯಾವತ್ತೂ ಗುದ್ದಿಲ್ಲ.

ದೋಣಿಯ ತುದಿಯ ಹಲಗೆಯ ಮೇಲೆ ನಾವು ಮೂವರು ಕೂತೆವು. ಎಡಕ್ಕೆ ನಾನು, ಬಲಕ್ಕೆ ಅವನು, ನಡುವೆ ಅತ್ತೆ. ಹೆಂಗಸರು ಮಕ್ಕಳು ಮುಂದಿನ ಹಲಗೆಗಳಲ್ಲಿದ್ದರು, ಜೊತೆಗೆ ಬೇರೆ ಊರಿನ ಕೆಲವರು. ದಂಡೆ ಹಿಂದೆ ಸರಿಯಿತು. ದೊಡ್ಡ ಶಿವನ ಮೂರ್ತಿ ಸಣ್ಣದಾಗುತ್ತ ಗೊಂಬೆಯಷ್ಟಾಯಿತು. ದೂರದಲ್ಲಿ ನೇತ್ರಾಣಿ ನಡುಗಡ್ಡೆ ಮಬ್ಬಾಗಿ ಕಂಡಿತು. ಡಾಲ್ಫಿನ್‌ಗಳು ಬಂದವು, ನೀರಿನಿಂದ ನೆಗೆದು ಮಕ್ಕಳನ್ನು ಕೂಗಾಡಿಸಿ ಹೋದವು. ಅತ್ತೆ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತ ಕೂತಿದ್ದರು. ಬಿಸಿಲೇರಿತು. ದೋಣಿಯವನು ಎಂಜಿನ್ ನಿಲ್ಲಿಸಿ, “ಇನ್ನು ಸ್ವಲ್ಪ ಹೊತ್ತು ನೋಡುವ, ಬಂದ್ರೆ ಬಂತು” ಎಂದ.

ಬಂತು.

ನನ್ನ ಕಡೆಯೇ ಬಂತು. ಮೊದಲು ನೀರು ನುಣ್ಣಗಾಯಿತು, ಎಣ್ಣೆ ಸುರಿದ ಹಾಗೆ. ಆಮೇಲೆ ಬುಸ್ಸೆಂದು ಒಂದು ಉಸಿರು. ಆ ಉಸಿರಿನ ಹನಿ ನನ್ನ ಕನ್ನಡಕದ ಮೇಲೆ ಬಿತ್ತು, ಹಸಿ ಮೀನಿನ ವಾಸನೆ ಮೂಗಿಗೆ ಹೊಡೆಯಿತು. ನೀರಿನೊಳಗಿಂದ ಬೆನ್ನು ಎದ್ದಿತು. ಮಳೆಯಲ್ಲಿ ನೆಂದ ಗುಡೇಕೋಟೆಯ ಕರಿಬಂಡೆಯ ಹಾಗೆ ಹೊಳೆಯುವ ಬೆನ್ನು, ಎದ್ದು ಎದ್ದು ಮುಗಿಯಲೇ ಇಲ್ಲ. ಕೊನೆಗೆ ಒಂದು ಸಣ್ಣ ಬಾಗಿದ ರೆಕ್ಕೆ ಬಂತು. ಅದರ ಹಿಂದೆಯೇ, ತಾಯಿಯ ಪಕ್ಕೆಗೆ ಅಂಟಿಕೊಂಡು, ಇನ್ನೊಂದು ಪುಟ್ಟ ಬೆನ್ನು. ಅದು ಉಸಿರು ಬಿಟ್ಟ ಸದ್ದು ಮಗು ಸೀನಿದಷ್ಟೇ ಇತ್ತು.

ಬಲಗಡೆಯಿದ್ದವರೆಲ್ಲ ಫೋನು ಹಿಡಿದು ನಮ್ಮ ಕಡೆ ಓಡಿಬಂದರು. ದೋಣಿ ಎಡಕ್ಕೆ ವಾಲಿತು. “ಎಲ್ರೂ ಒಂದೇ ಬದಿಗೆ ಬರ್ಬೇಡಿ ಮಾರಾಯ್ರೆ! ಕೂತ್ಕೊಳಿ!” ಎಂದು ದೋಣಿಯವನು ಅರಚಿದ. ಅತ್ತೆ, “ಯಪ್ಪಾ!” ಎಂದು ಚೀರಿದರು. ಅವರ ಎಡಕ್ಕೆ ನಾನಿದ್ದೆ, ಬಲಕ್ಕೆ ಅವನಿದ್ದ. ಅವರ ಎರಡೂ ಕೈಗಳು ಬಲಕ್ಕೆ ಹೋದವು. ಅವನ ಅಂಗಿಯನ್ನು ಹಿಡಿದು, ಅವನ ಎದೆಯಲ್ಲಿ ಮುಖ ಹುದುಗಿಸಿದರು. ಅವನು ಬಲಗಡೆಯ ಅಂಚಿನ ಮೇಲೆ ತನ್ನ ಅಷ್ಟೂ ಭಾರ ಹಾಕಿ ಕೂತು, ಅವರ ನೆತ್ತಿಯ ಮೇಲೆ ಗದ್ದ ಊರಿ, ಎರಡೂ ತೋಳಿನಿಂದ ಅವರನ್ನು ಅವುಚಿ ಹಿಡಿದ. ಅವನ ಮುಖ ಬಲಗಡೆಯ ಖಾಲಿ ನೀರಿನ ಕಡೆಗಿತ್ತು.

“ಏನೋ ಅದು? ಏನೈತೋ?” ಅತ್ತೆಯ ದನಿ ಅವನ ಅಂಗಿಯೊಳಗಿಂದ ಬಂತು.

“ಏನಿಲ್ಲತ್ತಿ, ನಮ್ಮ ಎಮ್ಮಿ ಇದ್ದಂಗೈತಿ. ಮಧ್ಯಾಹ್ನ ಹೊಳಿಯಾಗ ಬಿದ್ಕೊಂತಾವಲ್ಲ, ಹಂಗ ಬಿದ್ಕೊಂಡೈತಿ. ಪಾಪದ್ದೈತಿ. ಅದರ ಪಾಡಿಗೆ ಅದು ಹೊಂಟೈತಿ ನೋಡು... ಹೋತು, ಹೋತು.”

ಅವನು ಹೊರಳಿ ನೋಡಲೇ ಇಲ್ಲ. ಎಷ್ಟು ಹೊತ್ತು ಆ ಕರಿಬೆನ್ನು ನೀರಿನ ಮೇಲಿತ್ತೋ ಅಷ್ಟೂ ಹೊತ್ತು ನನಗೆ ಅದೂ ಕಾಣುತ್ತಿತ್ತು, ಕಣ್ಣಂಚಿನಲ್ಲಿ ಇವರಿಬ್ಬರೂ ಕಾಣುತ್ತಿದ್ದರು. ತಿಮಿಂಗಿಲ ನನಗೆ ಸಿಕ್ಕಿತು, ಕೈ ಅವನಿಗೆ ಸಿಕ್ಕಿತು. ಆ ಹೊತ್ತಿನಲ್ಲೂ ನನ್ನ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು.

ದಂಡೆಗೆ ಇಳಿದದ್ದೇ ಅತ್ತೆಯ ಭಯ ಹಾರಿಹೋಯಿತು. ಸಿಕ್ಕಸಿಕ್ಕವರಿಗೆಲ್ಲ, “ನಾ ಕಣ್ಣು ತೆಗೀಲೇ ಇಲ್ರೀ. ನಮ್ಮ ಸಣ್ಣಳಿಯ ನೋಡಿ ನೋಡಿ ನನಗ ಹೇಳ್ದ. ಎಮ್ಮಿ ಇದ್ದಂಗಿತ್ತಂತ!” ಎಂದು ಹೇಳತೊಡಗಿದರು. ಷಡ್ಡಕ ಚಹಾದಂಗಡಿಯ ಹಿಂದಕ್ಕೆ ನನ್ನನ್ನು ಕರೆದುಕೊಂಡು ಹೋದ.

“ಅಣ್ಣಾರ, ನಾ ನೋಡಿಲ್ರಿ ಅದನ್ನ.”

“ಗೊತ್ತೈತಿ.”

“ಯಾರಿಗೂ ಹೇಳಬ್ಯಾಡ್ರಿ. ತನ್ನ ಸಲುವಾಗಿ ನಾ ನೋಡ್ಲಿಲ್ಲ ಅಂತ ಗೊತ್ತಾದ್ರ ಮುದುಕಿ ಮನಸಿಗೆ ಹಚ್ಕೊಂತೈತಿ. ಒಂದೀಟು ಹೇಳ್ರಿ, ಹೆಂಗಿತ್ತು?”

ಅವನ ಅಂಗಿಯ ಮೇಲೆ ಅತ್ತೆಯ ಮುಷ್ಟಿಯ ಸುಕ್ಕು ಇನ್ನೂ ಹಾಗೇ ಇತ್ತು. ನಾನು, “ಕರ್ರಗಿತ್ತು. ದೊಡ್ಡದಿತ್ತು. ಮುಳುಗಿ ಹೋತು” ಎಂದೆ. ಮರಿಯ ವಿಷಯ ಹೇಳಲಿಲ್ಲ. ಉಳಿದವರೆಲ್ಲ ಫೋನಿನಲ್ಲಿ ತಾಯಿಯ ಬೆನ್ನನ್ನೇ ಹಿಡಿಯುತ್ತಿದ್ದರು, ಮರಿಯನ್ನು ಕಂಡವನು ನಾನೊಬ್ಬನೇ. ಅದೊಂದಾದರೂ ನನಗೇ ಇರಲಿ ಅನ್ನಿಸಿತು.

ಆ ಮೂರು ಮಾತಿನಿಂದ ಅವನು ಅರ್ಧ ಗಂಟೆಯ ಕಥೆ ಕಟ್ಟಿದ. ಊರಿಗೆ ಮರಳುವ ಹೊತ್ತಿಗೆ ಕ್ರೂಸರ್ ಗಾಡಿಯಲ್ಲೇ ಅದಕ್ಕೆ ಕೈಕಾಲು ಬಂದಿದ್ದವು. ಕೂಡ್ಲಿಗಿಯಲ್ಲಿ ಅವನ ಅಂಗಡಿಗೆ ಬಂದ ರೈತರು ಮೋಟರಿನ ಮಾತು ಬಿಟ್ಟು, “ಅದೇನೋ ಮೀನಿನ ಸುದ್ದಿ ಹೇಳ್ರಿ” ಅನ್ನತೊಡಗಿದರು. ಕೊಟ್ಟೂರಿನಲ್ಲಿ ನನ್ನ ಅಂಗಡಿಯ ಎದುರಿನ ಕಿರಾಣಿಯವನು, “ನಿಮ್ಮ ಷಡ್ಡಕ ತಿಮಿಂಗಿಲ ನೋಡ್ಯಾನಂತಲ್ರಿ?” ಎಂದು ನನ್ನನ್ನೇ ಕೇಳಿದ. ನಾನು, “ನಾನೂ ನೋಡೀನಿ” ಎಂದೆ. “ಹೌದಾ?” ಎಂದು ತನ್ನ ಅಂಗಡಿಗೆ ಹೊರಳಿದ, ಮುಂದೆ ಏನೂ ಕೇಳಲಿಲ್ಲ.

ಕೇಳಿದ್ದರೂ ನನಗೆ ಹೇಳಲು ಬರುತ್ತಿರಲಿಲ್ಲ. ಒಮ್ಮೆ ಮನೆಯಲ್ಲಿ ಮಗಳಿಗೆ ಪ್ರಯತ್ನಪಟ್ಟು ಹೇಳಿದೆ. ಅವಳು ಅರ್ಧಕ್ಕೇ ತಡೆದು, “ಹಂಗಲ್ಲಪ್ಪಾಜಿ, ಚಿಕ್ಕಪ್ಪ ಹೇಳಿದಂಗ ಹೇಳು. ಬಾಲ ಎತ್ತಿ ನೀರಿಗೆ ಬಡದದ್ದು ಬಿಟ್ಟೇಬಿಟ್ಟಿ” ಎಂದಳು. ಬಾಲ ಎತ್ತಿರಲೇ ಇಲ್ಲ! ಅವಳೂ ಅದೇ ದೋಣಿಯಲ್ಲಿದ್ದಳು, ಅವಳ ಕಣ್ಣಿನ ಮುಂದೆಯೇ ಎಲ್ಲ ನಡೆದಿತ್ತು. ಆದರೆ ಅವಳಿಗೂ ಈಗ ಅವನ ತಿಮಿಂಗಿಲವೇ ನಿಜವಾಗಿತ್ತು. ಅವನದು ಬಾಲ ಎತ್ತುತ್ತಿತ್ತು, ದೋಣಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು, ಅತ್ತೆಯ ಪಂಚಾಕ್ಷರಿ ಕೇಳಿ ತಲೆ ತಗ್ಗಿಸುತ್ತಿತ್ತು. ಉಸಿರು ಬಿಡುವ ಜಾಗ ಬಂದಾಗ ತನ್ನ ಹಲ್ಲಿನ ಸಂದಿನಿಂದ ಅವನು ಎಂಥ ಸದ್ದು ಹೊರಡಿಸುತ್ತಿದ್ದನೆಂದರೆ, ನಿಜವಾದ ಉಸಿರು ಕೇಳಿದ ನನಗೂ ಮೈ ಜುಮ್ಮೆನ್ನುತ್ತಿತ್ತು. ಜುಮ್ಮೆಂದದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಒಂದು ಮಾತಿನಲ್ಲಿ ಅವನನ್ನು ಕೆಡವಬಲ್ಲೆ ಎಂದು ನನಗೆ ಗೊತ್ತಿತ್ತು. ಅಂಥ ಹೊತ್ತೂ ಬಂತು. ಹರಪನಹಳ್ಳಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಗೃಹಪ್ರವೇಶ. ಊಟಕ್ಕೆ ಮುಂಚೆ ಗಂಡಸರೆಲ್ಲ ಹಂದರದ ಕೆಳಗೆ ಕೂತಿದ್ದೆವು. ಷಡ್ಡಕನ ಕಥೆ ಬಾಲದವರೆಗೆ ಬಂದಿತ್ತು. ನೀಲಗುಂದದ ಕಡೆಯ ಒಬ್ಬ ಮೇಷ್ಟ್ರು, ಸಂಬಂಧದಲ್ಲಿ ಅತ್ತೆಗೆ ತಮ್ಮನಾಗಬೇಕು, ಎಲೆಅಡಿಕೆ ಜಗಿಯುತ್ತ, “ಬಿಡೋ ಮಾರಾಯ. ಟೀವಿಯಾಗ ನೋಡಿದ್ದು ಹೇಳಾಕತ್ತೀಯ. ನಮ್ಮ ಕಡಿ ಸಮುದ್ರದಾಗ ಅವು ಹಂಗ ಬಾಲ ಎತ್ತಂಗಿಲ್ಲ” ಎಂದರು. ಎಲ್ಲರೂ ನಕ್ಕರು. ಷಡ್ಡಕನೂ ನಕ್ಕ. ಆದರೆ ಮೇಷ್ಟ್ರು ಬಿಡಲಿಲ್ಲ. “ದೊಡ್ಡಳಿಯ ಅದಾರಲ್ಲ, ಅವ್ರು ಸುಳ್ಳು ಹೇಳೋರಲ್ಲ. ಅವ್ರನ್ನ ಕೇಳೂಣು. ಏನ್ರಿ, ನಿಮ್ಮ ಷಡ್ಡಕ ಖರೇನ ನೋಡ್ಯಾನೇನು? ಬಾಲ ಎತ್ತಿತ್ತೇನು?”

ಹಂದರವೆಲ್ಲ ನನ್ನ ಕಡೆ ತಿರುಗಿತು. ಇಷ್ಟು ಜನ ಒಟ್ಟಿಗೆ ನನ್ನ ಮಾತಿಗಾಗಿ ಕಾದದ್ದು ಅದೇ ಮೊದಲು. ಆ ಸುಖವನ್ನು ನಾನು ಸ್ವಲ್ಪ ಹೊತ್ತು ಅನುಭವಿಸಿದೆ. ಷಡ್ಡಕ ನನ್ನ ಮುಖ ನೋಡಲಿಲ್ಲ, ತನ್ನ ಬೆರಳಿಗೆ ಹತ್ತಿದ್ದ ವಾರ್ನಿಷ್ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತ. ಬಾಗಿಲಲ್ಲಿ ಅತ್ತೆ ಕೋಸಂಬರಿಯ ಬುಟ್ಟಿ ಹಿಡಿದು ನಿಂತಿದ್ದರು. ಅವರ ಕಣ್ಣು ಅವನ ಮೇಲಿತ್ತು. ಆಗಲೂ ಅವನ ಮೇಲೆಯೇ.

“ಎತ್ತಿತ್ತು” ಎಂದೆ. “ನಾನೂ ನೋಡೀನಿ. ಅವನೂ ನೋಡ್ಯಾನ. ನೀರು ಹಾರಿ ಅತ್ತಿ ಸೀರಿ ತೋಯ್ತು.”

ಮೇಷ್ಟ್ರು ಎಲೆಅಡಿಕೆ ಉಗುಳಲು ಎದ್ದು ಹೋದರು. ಷಡ್ಡಕ ತಲೆಯೆತ್ತಿ ನನ್ನನ್ನು ನೋಡಿದ.

ಊಟವಾದ ಮೇಲೆ ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದೆ. ಅತ್ತೆ ತಂಬಿಗೆಯಿಂದ ನೀರು ಹಾಕುತ್ತ ಮೆಲ್ಲಗೆ, “ಎಷ್ಟು ಚಂದ ಸುಳ್ಳು ಹೇಳಿದ್ಯೋ” ಎಂದರು.

ನಾನು ಕೈ ಹಾಗೇ ಹಿಡಿದು ನಿಂತೆ. ಹೇಳಿದ್ಯೋ ಎಂದಿದ್ದರು.

“ಅವನ ಗದ್ದ ನನ್ನ ನೆತ್ತಿಮ್ಯಾಲಿತ್ತು. ಅದು ಕದಲ್ಲೇ ಇಲ್ಲ. ಕಣ್ಣು ಮುಚ್ಚಿದ್ರೇನು, ಅಷ್ಟೂ ತಿಳಿಯಂಗಿಲ್ಲೇನು ನನಗ? ನನಗ ಗೊತ್ತೈತಿ ಅಂತ ಅವಗ ಹೇಳಬ್ಯಾಡ. ಪಾಪ, ನನ್ನ ಸಲುವಾಗಿ ಅಷ್ಟು ಊರಿಗೆ ಹೇಳ್ಕೊಂತ ತಿರುಗಾಕತ್ಯಾನ.”

ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಏಕವಚನ ಅದು. ಸಿಕ್ಕಿತು, ಆದರೆ ಅದೂ ಅವನ ಕುರಿತ ಮಾತಿನ ನಡುವೆಯೇ ಸಿಕ್ಕಿತು. ಕೈ ಒರೆಸಿಕೊಳ್ಳುತ್ತ ಸಂತೋಷಪಟ್ಟೆ, ಸಂತೋಷದೊಳಗೆ ಸಣ್ಣ ಮುಳ್ಳೂ ಇತ್ತು.

ಆಮೇಲೆ ನಾವಿಬ್ಬರೂ ಮತ್ತೊಮ್ಮೆ ಕಡಲಿಗೆ ಹೋಗುವ ಮಾತಾಡಿಕೊಂಡೆವು. “ಈ ಸಲ ನಾವಿಬ್ರ ಹೋಗೂಣ್ರಿ ಅಣ್ಣಾರ, ನಡುವ ಯಾರೂ ಬ್ಯಾಡ” ಎಂದಿದ್ದ. ಬೇಸಿಗೆಯಲ್ಲಿ ಅವನಿಗೆ ಕೆಲಸದ ಹೊರೆ, ಮೋಟರುಗಳು ಸುಡುವ ಕಾಲ. ಮಳೆಗಾಲದಲ್ಲಿ ದೋಣಿ ಇಳಿಸುವುದಿಲ್ಲ. ಮದುವೆ ಸೀಜನ್ನಿನಲ್ಲಿ ನನಗೆ ಅಂಗಡಿ ಬಿಡಲು ಆಗುವುದಿಲ್ಲ. ಹೀಗೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿದ್ದಾಗಲೇ ಅವನಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸು ಎಂದುಕೊಂಡು ಓಡಾಡಿದ. ದಾವಣಗೆರೆಯ ಆಸ್ಪತ್ರೆಯಲ್ಲಿ ನೋಡುವಷ್ಟರಲ್ಲಿ ಅದು ಗ್ಯಾಸಾಗಿ ಉಳಿದಿರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾದಿನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ನಾನೊಬ್ಬನೇ ಅವನ ಹತ್ತಿರ ಕೂತಿದ್ದೆ. ಮೈ ಇಳಿದು, ಆ ಅಗಲ ಎದೆ ಹಾಸಿಗೆಗೆ ಅಂಟಿಹೋಗಿತ್ತು.

“ಅಣ್ಣಾರ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮ್ಯಾಲೆ ನನಗ ಹೊಟ್ಟಿಕಿಚ್ಚೈತ್ರಿ.”

ನಾನು ನಕ್ಕುಬಿಟ್ಟೆ. “ನನ್ನ ಹತ್ರ ಏನೈತಪ್ಪಾ ಹೊಟ್ಟಿಕಿಚ್ಚು ಪಡಾಕ?”

“ತಿಮಿಂಗಿಲ ಐತಲ್ರಿ” ಎಂದ. ಅವನು ನಗುತ್ತಿರಲಿಲ್ಲ. “ಇಷ್ಟು ವರ್ಷ ಊರಿಗೆಲ್ಲ ಹೇಳೀನಿ. ಆದ್ರ ಕಣ್ಣು ಮುಚ್ಚಿದ್ರ ನನಗ ಏನೂ ಕಾಣಂಗಿಲ್ರಿ. ಆ ಕಡಿ ನೀರಷ್ಟ ಕಾಣ್ತೈತಿ, ಬರೀ ಖಾಲಿ ನೀರು. ನಿಮಗ ಕಾಣ್ತೈತಲ್ಲ?”

“ಕಾಣ್ತೈತಿ.”

“ಹಂಗಾದ್ರ ಹೇಳ್ರಿ. ಅವತ್ತಿನಂಗ ಮೂರು ಮಾತಿನ್ಯಾಗ ಮುಗಿಸಬ್ಯಾಡ್ರಿ.”

ಈ ಮನುಷ್ಯನ ಮೇಲೆ ಇಷ್ಟು ವರ್ಷ ನಾನು ಕರುಬಿದ್ದೆ. ಅವನೂ ನನ್ನ ಮೇಲೆ ಕರುಬುತ್ತ ಕೂತಿದ್ದನಂತೆ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ನೀರು ನುಣ್ಣಗಾದದ್ದರಿಂದ ಶುರುಮಾಡಿದೆ. ಕನ್ನಡಕದ ಮೇಲೆ ಬಿದ್ದ ಹನಿ, ಆ ವಾಸನೆ, ನೆಂದ ಬಂಡೆಯಂಥ ಬೆನ್ನು, ಅದರ ಮೇಲೆ ಬಿಸಿಲು ಜಾರಿದ ರೀತಿ, ಬಾಗಿದ ರೆಕ್ಕೆ. ನನ್ನ ಬಾಯಲ್ಲಿ ಇಷ್ಟು ಮಾತಿದ್ದದ್ದು ನನಗೇ ಗೊತ್ತಿರಲಿಲ್ಲ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕೊನೆಗೆ, “ಬಗಲಾಗ ಒಂದು ಮರಿ ಇತ್ತು” ಎಂದೆ.

ಅವನು ಕಣ್ಣು ಬಿಟ್ಟ. ಮೊಳಕೈ ಊರಿ ಅರ್ಧ ಎದ್ದೇಬಿಟ್ಟ. “ಮರಿ ಇತ್ತಾ? ಮರಿ ಇತ್ತಂತ ಈಗ ಹೇಳ್ತೀರಲ್ರಿ ಅಣ್ಣಾರ! ಎಂಥಾ ಮನುಷ್ಯಾರ್ರೀ ನೀವು!”

“ಮಲ್ಕೋ, ಮಲ್ಕೋ.”

“ಸಣ್ಣದಿತ್ತಾ? ಉಸುರು ಬಿಡ್ತಾ?”

“ಬಿಡ್ತು. ಕೂಸು ಸೀನಿದಂಗ.”

ಅವನು ದಿಂಬಿಗೆ ತಲೆಯಿಟ್ಟು ಆ ಸದ್ದನ್ನು ಪ್ರಯತ್ನಿಸಿದ. ಎರಡನೆಯ ಸಲಕ್ಕೇ ಬಂತು. ನಾನು ಕೇಳಿದ್ದು ಅದೇ ಸದ್ದು.

ಮರುದಿನ ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ವಾರ್ಡಿಗೆ ಬಂದರೆ, ನರ್ಸಮ್ಮ ಡ್ರಿಪ್ ಹಾಕುವುದನ್ನು ಬಿಟ್ಟು ಅವನ ಮಂಚದ ಪಕ್ಕ ನಿಂತಿದ್ದಳು. ಪಕ್ಕದ ಮಂಚದ ಮುದುಕನೂ ಕಿವಿ ಕೊಟ್ಟಿದ್ದ. “ಒಂದಲ್ರೀ, ಎರಡು ಮರಿ! ಒಂದು ಅವ್ವನ ಬಗಲಾಗ ಇತ್ತು. ಇನ್ನೊಂದು ತುಡುಗ, ಹಿಂದ ಹಿಂದ ಉಳೀತಿತ್ತು, ಆಮ್ಯಾಲೆ ಓಡಿ ಓಡಿ ಬಂದು ಕೂಡ್ಕೊಂತಿತ್ತು. ಬೇಕಾದ್ರ ನಮ್ಮಣ್ಣಾರ್ನ ಕೇಳ್ರಿ, ಅವ್ರೂ ನೋಡ್ಯಾರ.” ನರ್ಸಮ್ಮ ನನ್ನ ಕಡೆ ನೋಡಿ ನಕ್ಕಳು. ನಾನು ತಲೆಯಾಡಿಸಿದೆ. ಇಷ್ಟು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡು ಬಂದಿದ್ದ ಮರಿ, ಅವನ ಕೈಗೆ ಹೋಗಿ ಒಂದೇ ರಾತ್ರಿ ಕಳೆಯುವಷ್ಟರಲ್ಲಿ ಎರಡಾಗಿತ್ತು. ಹೊಟ್ಟೆ ಉರಿಯಿತು. ಚಹಾದ ಲೋಟ ಕೊಡುವಾಗ, “ಎರಡಾ?” ಎಂದು ಮೆಲ್ಲಗೆ ಕೇಳಿದೆ. “ಒಂದಕ್ಕ ಬ್ಯಾ‍ಸರ ಅಲ್ಲೇನ್ರಿ” ಎಂದ.

ಬಹಳ ದಿನ ಉಳಿಯಲಿಲ್ಲ. ಕೂಡ್ಲಿಗಿಯಲ್ಲಿ ಅವನ ಮಣ್ಣಿಗೆ ಸೇರಿದ ಜನ ನೋಡಿ ದಂಗಾದೆ. ಅವನ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಯಾವ ಯಾವುದೋ ಹಳ್ಳಿಯ ರೈತರು ಟ್ರ್ಯಾಕ್ಟರುಗಳಲ್ಲಿ ಬಂದಿದ್ದರು. ನಾನು ಯಾವತ್ತೂ ಕಾಣದ ಒಬ್ಬ ಮನುಷ್ಯ ವಿಭೂತಿ ಹಚ್ಚಿ ಕೂಡಿಸಿದ್ದ ಅವನ ಕಾಲು ಹಿಡಿದು, “ಇನ್ನ ಯಾರ್ ಹತ್ರ ಕುಂದ್ರಲಿ ನಾನು” ಎಂದು ಗೊಳೋ ಎಂದು ಅತ್ತ. ನನಗೆ ಹಾಗೆ ಅಳಲು ಬರುವುದಿಲ್ಲ. ಹೆಗಲು ಕೊಟ್ಟೆ, ಗುಣಿಯ ಹತ್ತಿರ ನಿಂತೆ, ಬಂದವರಿಗೆ ನೀರು ಕೊಡಿಸಿದೆ. ಆ ಅಪರಿಚಿತನ ಅಳುವಿನ ಮೇಲೂ ನನಗೆ ಅಸೂಯೆಯಾಯಿತು. ಅಷ್ಟು ಸಲೀಸಾಗಿ ಅಳುವವನಿಗೆ ಅವನು ನನಗಿಂತ ಹತ್ತಿರದವನಾಗಿದ್ದನೇನೋ ಅನ್ನಿಸಿತು.

ಅತ್ತೆ ಮಾಗಳ ಬಿಟ್ಟು ಕೂಡ್ಲಿಗಿಗೆ ಬಂದು ಸಣ್ಣ ಮಗಳ ಹತ್ತಿರ ಉಳಿದರು. ರಿವೈಂಡಿಂಗ್ ಕಲಿತಿದ್ದ ಹುಡುಗರೇ ಅಂಗಡಿ ನಡೆಸುತ್ತಿದ್ದರು. ಅಮಾವಾಸ್ಯೆಗೆ ನನ್ನ ಅಂಗಡಿ ಮುಚ್ಚುವುದರಿಂದ ಅವತ್ತು ನಾನು ಹೋಗಿ ಬರುತ್ತಿದ್ದೆ. ಒಂದು ಸಲ ಹೋದಾಗ ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನೂ ಕೂತು ಒಂದು ಮುಷ್ಟಿ ತೆಗೆದುಕೊಂಡು ಸುಲಿಯತೊಡಗಿದೆ. ಅತ್ತೆ ಸಿಪ್ಪೆ ಊದುತ್ತ ಕೇಳಿದರು.

“ಆಸ್ಪತ್ರಿಯಾಗ ಆ ನರ್ಸಮ್ಮಗ ಮರಿ ಇದ್ವು ಅಂತ ಹೇಳಿದ್ನಂತ. ನನಗ ಒಂದಿನಾನೂ ಹೇಳ್ಲಿಲ್ಲ. ನೀ ನೋಡಿದಾವ. ಎಷ್ಟಿದ್ವೋ?”

ಒಂದು ಎನ್ನಲು ಬಾಯಿ ತೆರೆದೆ. ನನ್ನ ಕಣ್ಣ ಮುಂದೆ ಒಂದು ಪುಟ್ಟ ಬೆನ್ನು ಸ್ಪಷ್ಟವಾಗಿ ಇತ್ತು, ತಾಯಿಯ ಪಕ್ಕೆಗೆ ಅಂಟಿಕೊಂಡು. ಅದರ ಹಿಂದೆ, ಸ್ವಲ್ಪ ದೂರದಲ್ಲಿ, ನೀರು ಸಣ್ಣಗೆ ಸೀಳುತ್ತಿತ್ತು.

“ಎರಡು, ಅತ್ತಿ.”

“ಎರಡಾ?”

“ಒಂದು ಬಗಲಾಗ ಇತ್ತು. ಇನ್ನೊಂದು ತುಡುಗ. ಹಿಂದ ಉಳದಿತ್ತು, ಓಡಿ ಓಡಿ ಬಂದು ಕೂಡ್ಕೊಂತು.”

ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಒಳಗಿನಿಂದ ನಾದಿನಿ ಬಂದು ಬಾಗಿಲಿಗೆ ಒರಗಿ ನಿಂತಳು. ಅಳು ಬತ್ತಿ ಬಾಡಿದ ಮುಖ. “ಮೊದ್ಲಿನಿಂದ ಹೇಳ್ರಿ ಮಾವಾರ” ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತಳು.

ಮೊದಲಿನಿಂದ ಹೇಳಿದೆ. ಬಾಲದ ಹತ್ತಿರ ಬಂದಾಗ, ಎತ್ತಿಸಿದೆ.